ಮಾತು ನಿಂತ ಮೇಲೆ ಕಲಿತ ಪ್ರಾರ್ಥನೆ

ಮೆಥೊಡಿಸ್ಟ್ ಅಂದರೆ ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಸಭೆ. ಬೀದರ್‌ನ ಮೆಥೊಡಿಸ್ಟ್ ಮನೆಗಳಲ್ಲಿ ಬೆಳೆದವರಿಗೆ ಪ್ರಾರ್ಥನೆ ಅಂದರೆ ದನಿ. ತಲೆ ಮೇಲೆ ಸೆರಗು ಹೊದ್ದು, ಕಣ್ಣು ಮುಚ್ಚಿ, ಒಬ್ಬರು ಶುರು ಮಾಡಿದರೆ ಉಳಿದವರು "ಸ್ತೋತ್ರ, ಸ್ತೋತ್ರ" ಅನ್ನುತ್ತಾ ಜೊತೆಗೂಡುತ್ತಾರೆ. ಮನೆ ಪ್ರಾರ್ಥನೆಗೆ ಢೋಲಕ್ ಇರಬೇಕು, ತಾಳ ಇರಬೇಕು. ಉಪವಾಸ ಪ್ರಾರ್ಥನೆಯಲ್ಲಂತೂ ಕನ್ನಡ, ಮರಾಠಿ, ತೆಲುಗು, ಹಿಂದಿ ಎಲ್ಲ ಒಟ್ಟಿಗೇ ಮೇಲೇಳುತ್ತವೆ. ನಾನು ಅದರಲ್ಲೇ ಬೆಳೆದವಳು. ಈಗಲೂ ಅದು ನನಗೆ ಇಷ್ಟ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೌನದ ಪ್ರಾರ್ಥನೆ ಬಗ್ಗೆ ಬರೆಯುವವರು ಎಷ್ಟೋ ಸಲ ಜೋರು ಪ್ರಾರ್ಥನೆಯನ್ನು ಕೀಳು ಮಾಡಿಯೇ ಶುರು ಮಾಡುತ್ತಾರೆ, ಅದು ನನಗೆ ಸರಿ ಕಾಣುವುದಿಲ್ಲ.

ಅವ್ವನ ಕಿಡ್ನಿ ಎರಡೂ ಕೆಟ್ಟಿದ್ದವು. ಮೊದಲು ವಾರಕ್ಕೆ ಎರಡು ಸಲ ಡಯಾಲಿಸಿಸ್, ಆಮೇಲೆ ಮೂರು ಸಲ. ನಾನು ಸ್ಟಾಫ್ ನರ್ಸ್, ರಿಪೋರ್ಟ್ ಓದಲು ಬರುತ್ತದೆ, ಎಲ್ಲಿಗೆ ಹೊರಟಿದೆ ಅಂತ ಗೊತ್ತಿತ್ತು. ಆದರೂ ಎಲ್ಲರ ಜೊತೆ ಕೂತು ಗುಣವಾಗಲಿ ಅಂತಲೇ ಬೇಡಿದೆ, ಮನಸ್ಸಿಟ್ಟೇ ಬೇಡಿದೆ. ಮಹಿಳಾ ಸಂಘದವರು ಮನೆಗೆ ಬಂದು ಉಪವಾಸ ಮಾಡಿದರು. ಅವ್ವ ಉಳಿಯಲಿಲ್ಲ. ಮಣ್ಣಾದ ಮೇಲೆ ಮನೆಯಲ್ಲಿ ಪ್ರಾರ್ಥನೆ ಇಟ್ಟಾಗ ಯಾರೋ "ಅಕ್ಕಾ, ನೀವೇ ಮಾಡ್ರಿ" ಅಂದರು. "ಪರಲೋಕದ ತಂದೆಯೇ" ಅಂದೆ. ಮುಂದೆ ಒಂದು ಮಾತೂ ಬರಲಿಲ್ಲ. ಅಳುವೂ ಬರಲಿಲ್ಲ. ಕಡೆಗೆ ನನ್ನ ನಾದಿನಿ ಮುಂದುವರಿಸಿದಳು.

ತಿಂಗಳುಗಟ್ಟಲೆ ಹೀಗೇ ಇತ್ತು. ಚರ್ಚಿಗೆ ಹೋಗುತ್ತಿದ್ದೆ, ಹಾಡುತ್ತಿದ್ದೆ, ಆದರೆ ನನ್ನದೇ ಮಾತಲ್ಲಿ ದೇವರ ಹತ್ತಿರ ಏನಾದರೂ ಹೇಳಬೇಕು ಅಂದರೆ ಒಳಗೆ ಖಾಲಿ. ಹೊರಗಿನಿಂದ ಬಂದಿದ್ದ ಒಬ್ಬ ಬೋಧಕರು "ಇದು ವಿಶ್ವಾಸ ಕುಂದಿದ್ದರ ಗುರುತು, ಇನ್ನೂ ಜೋರಾಗಿ ಸ್ತುತಿ ಮಾಡು" ಅಂದರು. ಮಾಡಿದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ದುಃಖದಲ್ಲಿರುವವರಿಗೆ ಹೀಗೆ ಹೇಳಬಾರದು ಅಂತ ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ನನ್ನ ಜೊತೆ ಡ್ಯೂಟಿ ಮಾಡುವ ಗೆಳತಿಯೊಬ್ಬಳು ಕೇರಳದವಳು, ಕಥೋಲಿಕಳು. ಒಂದು ಸಲ ಇಬ್ಬರೂ ಟ್ರೇನಿಂಗ್‌ಗೆ ಕಲಬುರಗಿಗೆ ಹೋಗಿದ್ದೆವು. ಬೀದರ್‌–ಕಲಬುರಗಿ ರೈಲು 2017ರಲ್ಲಿ ಶುರುವಾದ ಮೇಲೆ ಈ ಓಡಾಟ ಸುಲಭವಾಗಿದೆ. ಸಂಜೆ ಅವಳು ಅಲ್ಲಿನ ಚರ್ಚಿಗೆ ಹೊರಟಳು, ಜೊತೆಗೆ ನಾನೂ ಹೋದೆ. ಕಲಬುರಗಿ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ ನೋಡಿಕೊಳ್ಳುವ ಪ್ರದೇಶ, ಆಗಿದ್ದು 2005ರಲ್ಲಿ, ನಮ್ಮ ಬೀದರ್ ಮತ್ತು ಯಾದಗಿರಿ ಕಥೋಲಿಕರೂ ಅದಕ್ಕೇ ಸೇರುತ್ತಾರೆ. ಅಷ್ಟು ವರ್ಷ ಅಕ್ಕಪಕ್ಕದಲ್ಲೇ ಇದ್ದರೂ ಅವರ ಆರಾಧನೆಯನ್ನು ನಾನು ಕೂತು ನೋಡಿರಲಿಲ್ಲ. ಅವತ್ತು ಪರಮಪ್ರಸಾದದ ಆರಾಧನೆ ಇತ್ತು. ಕ್ರಿಸ್ತನ ಶರೀರವೇ ಅಂತ ಅವರು ನಂಬುವ ರೊಟ್ಟಿಯನ್ನು ಪೀಠದ ಮೇಲೆ ಇಟ್ಟು, ಎರಡು ಮೇಣದಬತ್ತಿ ಹಚ್ಚಿ, ಒಂದು ಹಾಡು ಹಾಡಿ ಎಲ್ಲರೂ ಸುಮ್ಮನಾದರು. ಯಾರೋ ಮುಂದೆ ಬಂದು ಪ್ರಾರ್ಥಿಸುತ್ತಾರೆ ಅಂತ ಕಾಯುತ್ತಿದ್ದೆ. ಯಾರೂ ಬರಲಿಲ್ಲ. ಒಂದು ಗಂಟೆ ಹಾಗೇ. ಆ ರೊಟ್ಟಿಯ ಬಗ್ಗೆ ಅವರ ನಂಬಿಕೆ ಬೇರೆ, ನಮ್ಮ ಸಭೆಯ ನಂಬಿಕೆ ಬೇರೆ, ಅದು ನನಗೆ ಗೊತ್ತು. ಆದರೆ ಅವ್ವ ಹೋದ ಮೇಲೆ ಮೊದಲ ಸಲ ಒಂದು ಚರ್ಚಿನೊಳಗೆ ನನ್ನಿಂದ ಯಾರೂ ಮಾತು ಕೇಳಲಿಲ್ಲ. ಅಲ್ಲೇ ಅಳು ಬಂತು.

ಹೊರಗೆ ಬಂದಾಗ ಒಬ್ಬ ವಯಸ್ಸಾದ ಸಿಸ್ಟರ್, ಅಂದರೆ ಕಥೋಲಿಕ ಸಂನ್ಯಾಸಿನಿ, ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಮಂಗಳೂರು ಕಡೆಯ ಮಾತು. ಗೆಳತಿ ನನ್ನ ವಿಷಯ ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡು, "ಮಾತು ಬರ್ಲಿಲ್ಲ ಅಂತ ಪ್ರಾರ್ಥನೆ ನಿಲ್ಲುದಿಲ್ಲ ಅಮ್ಮ. ನೀವು ಬಂದು ಕೂತ್ರಿ ಅಲ್ವಾ, ದೇವರಿಗೆ ಅದು ಗೊತ್ತುಂಟು" ಅಂದರು. ಸತ್ಯವೇದದಲ್ಲಿ, ಅಂದರೆ ಬೈಬಲ್‌ನಲ್ಲಿ, ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯ ಓದಿ ಅಂದರು. ನಾನು ಎಷ್ಟೋ ಸಲ ಓದಿದ ಅಧ್ಯಾಯ ಅದು. ಏನು ಬೇಡಬೇಕು ಅಂತ ನಮಗೆ ತಿಳಿಯದಿದ್ದಾಗ ಆತ್ಮನೇ ಮಾತಿಗೆ ಮೀರಿದ ನರಳಾಟದಿಂದ ನಮಗಾಗಿ ಬೇಡುತ್ತಾನೆ ಅಂತ 26ನೇ ವಚನದಲ್ಲಿದೆ. ವಾರ್ಡಿನಲ್ಲಿ ನರಳಾಟ ಕೇಳಿ ಕೇಳಿ ಗೊತ್ತಿರುವವಳು ನಾನು. ಅದು ಪ್ರಾರ್ಥನೆ ಆಗಬಹುದು ಅಂತ ಅವತ್ತಿನವರೆಗೆ ಹೊಳೆದಿರಲಿಲ್ಲ.

ಆಮೇಲೆ ಫೋನಿನಲ್ಲೇ ಕಲಿಸಿದರು. ಕಲಿಸಿದ್ದು ಬಹಳ ಸರಳ. ಬೆನ್ನು ನೆಟ್ಟಗಿಟ್ಟು ಕೂಡಬೇಕು, ಕುರ್ಚಿಯಾದರೂ ಸರಿ. ಮೊದಲು ಸತ್ಯವೇದದ ಒಂದು ಚಿಕ್ಕ ಭಾಗ ನಿಧಾನಕ್ಕೆ ಓದಬೇಕು. ಎರಡನೇ ಸಲ ಓದುವಾಗ ಯಾವ ಮಾತು ಹಿಡಿದು ನಿಲ್ಲಿಸುತ್ತದೋ ಅಲ್ಲೇ ನಿಲ್ಲಬೇಕು. ಅದನ್ನೇ ಒಳಗೆ ಹೇಳಿಕೊಳ್ಳುತ್ತಾ, ದೇವರಿಗೆ ಏನಾದರೂ ಹೇಳಬೇಕು ಅನ್ನಿಸಿದರೆ ಹೇಳಿ, ಆಮೇಲೆ ಸುಮ್ನೆ ಇರಬೇಕು. ಓದು, ಮನನ, ಪ್ರಾರ್ಥನೆ, ಮೌನ ಅಂತ ಈ ನಾಲ್ಕು ಮೆಟ್ಟಿಲನ್ನು 12ನೇ ಶತಮಾನದಲ್ಲಿ ಎರಡನೇ ಗಿಗೊ ಅನ್ನುವ, ಏಕಾಂತ ಮತ್ತು ಮೌನದಲ್ಲಿ ಬದುಕುವ ಕಾರ್ತೂಸಿಯನ್ ಬಳಗದ ಸಂನ್ಯಾಸಿ ಬರೆದಿಟ್ಟಿದ್ದಾನೆ. ಮನಸ್ಸು ಓಡಿದರೆ ಏನು ಮಾಡಲಿ ಅಂತ ಕೇಳಿದೆ. ಬೈಯಬೇಡಿ, ಎಳೆಯಬೇಡಿ, ಒಂದು ಚಿಕ್ಕ ಮಾತು ಇಟ್ಟುಕೊಳ್ಳಿ, ಓಡಿದ್ದು ಗೊತ್ತಾದಾಗ ಆ ಮಾತಿಗೆ ವಾಪಸ್ ಬನ್ನಿ ಅಂದರು.

ನಾನು ಇಟ್ಟುಕೊಂಡಿದ್ದು 70ನೇ ಕೀರ್ತನೆಯ ಮೊದಲ ವಚನದ್ದು. ದೇವರೇ ಬೇಗ ಬಂದು ಕಾಪಾಡು ಅನ್ನುವ ವಚನ ಅದು. ನನ್ನ ಬಾಯಲ್ಲಿ "ಕರ್ತನೇ, ಬೇಗ ಬಾ" ಆಯಿತು. ಇದೇ ವಚನವನ್ನು ಹಗಲೂ ರಾತ್ರಿ ಹೇಳಿಕೊಳ್ಳಬೇಕು ಅಂತ ಈಜಿಪ್ಟಿನ ಮರುಭೂಮಿಯ ಸಂನ್ಯಾಸಿಗಳು ಕಲಿಸುತ್ತಿದ್ದರಂತೆ. ಅವರ ಜೊತೆ ಇದ್ದು ಬಂದ ಜಾನ್ ಕ್ಯಾಸಿಯನ್ 5ನೇ ಶತಮಾನದಲ್ಲಿ ಅದನ್ನು ಬರೆದಿಟ್ಟ. ಊಟದಲ್ಲಿ, ಕೆಲಸದಲ್ಲಿ, ಮಲಗುವಾಗ, ಎಲ್ಲ ಹೊತ್ತಿಗೂ ಇದೊಂದು ವಚನ ಸಾಕು ಅಂತ ಹೇಳುತ್ತಾನೆ. ಗ್ರೀಸಿನ ಕಡೆಯವರು "ಕರ್ತನಾದ ಯೇಸು ಕ್ರಿಸ್ತನೇ, ನನ್ನನ್ನು ಕರುಣಿಸು" ಅಂತ ಉಸಿರಿನ ಜೊತೆ ಹೇಳುತ್ತಾರೆ, ಅಥೋಸ್ ಬೆಟ್ಟದ ಮಠಗಳಲ್ಲಿ ಇವತ್ತಿಗೂ ಅದು ನಡೆಯುತ್ತದೆ. ನಮ್ಮ ಕಾಲದಲ್ಲಿ ಥಾಮಸ್ ಕೀಟಿಂಗ್ ಅನ್ನುವ ಕಥೋಲಿಕ ಸಂನ್ಯಾಸಿ ಮತ್ತು ಅವರ ಮಠದ ಜೊತೆಗಾರರು 1970ರ ದಶಕದಲ್ಲಿ ಅಮೆರಿಕದಲ್ಲಿ ಒಂದೇ ಒಂದು ಪವಿತ್ರ ಪದ ಇಟ್ಟುಕೊಂಡು ದಿನಕ್ಕೆ ಎರಡು ಹೊತ್ತು 20 ನಿಮಿಷ ಕೂಡುವ ರೀತಿ ಕಲಿಸಿದರು. ಸಿಸ್ಟರ್ ನನಗೆ 10 ನಿಮಿಷದಿಂದ ಶುರು ಮಾಡಿ ಅಂದರು. ಜಾಸ್ತಿ ಬೇಡ, ಆದರೆ ಬಿಡಬೇಡಿ ಅಂದರು.

ಬೀದರ್‌ನಲ್ಲಿ ಮೌನ ಎಲ್ಲಿ ಸಿಗುತ್ತದೆ? ನಸುಕಿನಲ್ಲಿ ಆಜಾನ್, ಆಮೇಲೆ ಗುಡಿಯ ಸ್ಪೀಕರ್, ಹಾಲಿನ ಗಾಡಿ, ಪಕ್ಕದ ಮನೆಯ ಮೋಟರು. ಏರ್‌ಫೋರ್ಸ್ ಸ್ಟೇಷನ್ ಇರುವ ಊರು ನಮ್ಮದು. ತರಬೇತಿಯ ಹಾಕ್ ವಿಮಾನಗಳು ಮೇಲೆ ಹಾದರೆ ಕಿಟಕಿ ಗಾಜು ನಡುಗುತ್ತದೆ. ನೈಟ್ ಡ್ಯೂಟಿ ಮುಗಿಸಿ ಬಂದು ಬೆಳಿಗ್ಗೆ ಕೂತ ದಿನಗಳಲ್ಲಂತೂ ಒಂದು ವಿಮಾನ ಹೋಯಿತು ಅನ್ನುವಷ್ಟರಲ್ಲಿ ಇನ್ನೊಂದು. ಸಿಸ್ಟರ್‌ಗೆ ಹೇಳಿದೆ. ಶಬ್ದ ನಿಲ್ಲುವುದಕ್ಕೆ ಕಾಯಬೇಡಿ, ಶಬ್ದದ ಜೊತೆಗೇ ಕೂಡಿ, ಅದನ್ನು ಹಿಂಬಾಲಿಸಬೇಡಿ ಅಂದರು. ಬಟ್ಟೆ ಮಡಿಸಿಡುವ ಚಿಕ್ಕ ಕೋಣೆಯಲ್ಲಿ ಒಂದು ಕುರ್ಚಿ ಹಾಕಿಕೊಂಡೆ. ಬಾಗಿಲು ಮುಚ್ಚಿ ಗುಟ್ಟಿನಲ್ಲಿ ಪ್ರಾರ್ಥಿಸು ಅಂತ ಮತ್ತಾಯ 6:6ರಲ್ಲಿ ಯೇಸು ಹೇಳಿದ್ದು ನೆನಪಿತ್ತು. ಮೆಥೊಡಿಸ್ಟರಲ್ಲಿ ಒಂದು ಮಾತು ನಡೆದು ಬಂದಿದೆ. ನಮ್ಮ ಸಭೆಯ ಮೂಲಪುರುಷ ಜಾನ್ ವೆಸ್ಲಿಯ ತಾಯಿ ಸುಸಾನಾ 19 ಮಕ್ಕಳನ್ನು ಹೆತ್ತವಳು, ಮನೆಯಲ್ಲಿ ಒಂಟಿಯಾಗಿ ಕೂಡಲು ಜಾಗವೇ ಇಲ್ಲದಾಗ ಏಪ್ರನ್ನನ್ನೇ ತಲೆಯ ಮೇಲೆ ಎಳೆದುಕೊಂಡು ಪ್ರಾರ್ಥಿಸುತ್ತಿದ್ದಳಂತೆ. ನಾನು ಸೆರಗು ಎಳೆದುಕೊಂಡೆ.

ಮೊದಲ ವಾರಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ಬಿಡುವವರೆಲ್ಲ ಇಲ್ಲೇ ಬಿಡುತ್ತಾರೆ. ಕೂತ ತಕ್ಷಣ ಶಾಂತಿ ಬರುತ್ತದೆ ಅಂದುಕೊಂಡವರಿಗೆ ಬರುವುದು ಗ್ಯಾಸ್ ಸಿಲಿಂಡರ್ ಬುಕ್ ಮಾಡಬೇಕಿತ್ತು ಅನ್ನುವ ನೆನಪು. ಆಮೇಲೆ ವಾರ್ಡಿನಲ್ಲಿ ಯಾರೋ ಆಡಿದ ಮಾತು. ಆಮೇಲೆ ಅದಕ್ಕೆ ನಾನು ಕೊಡಬೇಕಾಗಿದ್ದ ಉತ್ತರ. ಆಮೇಲೆ ಎಷ್ಟು ನಿಮಿಷ ಆಯಿತು ಅಂತ ಮೊಬೈಲ್ ನೋಡುವ ಆಸೆ. ಇದೇನೂ ಹೊಸದಲ್ಲ ಅಂತ ಗೊತ್ತಾದಾಗ ನನಗೆ ನಿಜವಾಗಿ ಧೈರ್ಯ ಬಂತು. 4ನೇ ಶತಮಾನದಲ್ಲೇ ಈಜಿಪ್ಟಿನಲ್ಲಿದ್ದ ಎವಾಗ್ರಿಯಸ್ ಅನ್ನುವ ಸಂನ್ಯಾಸಿ ಮನಸ್ಸನ್ನು ಕಾಡುವ ಎಂಟು ಬಗೆಯ ಯೋಚನೆಗಳನ್ನು ಬರೆದಿದ್ದಾನೆ. ಅದರಲ್ಲಿ ಒಂದು ಬೇಸರದ್ದು, ಅವನು ಅದನ್ನು ಮಧ್ಯಾಹ್ನದ ದೆವ್ವ ಅನ್ನುತ್ತಾನೆ. ಅದು ಬಂದರೆ ಸೂರ್ಯ ನಿಂತೇಬಿಟ್ಟಂತೆ ಕಾಣುತ್ತದಂತೆ. ಸಂನ್ಯಾಸಿ ಗುಡಿಸಲಿನಿಂದ ಹೊರಗೆ ಬಂದು ಊಟದ ಹೊತ್ತಾಯಿತಾ ಅಂತ ನೋಡುತ್ತಾನಂತೆ, ಯಾರಾದರೂ ಬರುತ್ತಾರಾ ಅಂತ ಕಾಯುತ್ತಾನಂತೆ, ಬೇರೆ ಊರಿಗೆ ಹೋದರೆ ಚೆನ್ನಾಗಿ ಪ್ರಾರ್ಥಿಸಬಹುದು ಅಂದುಕೊಳ್ಳುತ್ತಾನಂತೆ. ಸ್ಪೇನಿನ ಅವಿಲಾದ ತೆರೇಸ, 1515ರಲ್ಲಿ ಹುಟ್ಟಿದವಳು, ಕಥೋಲಿಕ ಸಭೆಯಲ್ಲಿ ಪ್ರಾರ್ಥನೆಯ ದೊಡ್ಡ ಗುರು ಅಂತ ಹೆಸರಾದವಳು. ಅವಳೂ ಕೆಲವು ವರ್ಷ ಪ್ರಾರ್ಥನೆಯ ಗಂಟೆ ಯಾವಾಗ ಮುಗಿದೀತು, ಗಡಿಯಾರ ಯಾವಾಗ ಹೊಡೆದೀತು ಅಂತಲೇ ಕಾಯುತ್ತಿದ್ದೆ ಅಂತ ತನ್ನ ಜೀವನಕಥೆಯಲ್ಲಿ ಬರೆದಿದ್ದಾಳೆ. ಆದರೂ ಕೂತಳು. ಅವಳ ಪ್ರಕಾರ ಪ್ರಾರ್ಥನೆ ಅಂದರೆ ನಮ್ಮನ್ನು ಪ್ರೀತಿಸುತ್ತಾನೆ ಅಂತ ನಮಗೆ ಗೊತ್ತಿರುವ ಗೆಳೆಯನ ಜೊತೆ ಆಗಾಗ ಒಂಟಿಯಾಗಿ ಹೊತ್ತು ಕಳೆಯುವುದು. ಗೆಳೆಯನ ಹತ್ತಿರ ಹೋದಾಗ ಪ್ರತಿ ಸಲವೂ ಏನೋ ವಿಶೇಷ ನಡೆಯಲೇಬೇಕು ಅಂತ ಇಲ್ಲವಲ್ಲ.

ಯೋಚನೆಗಳು ಹೋಗಲಿಲ್ಲ. ಈಗಲೂ ಹೋಗಿಲ್ಲ. ಬದಲಾಗಿದ್ದು ಏನಂದರೆ, ಅವು ಬಂದಾಗ ನನಗೆ ಗಾಬರಿ ಆಗುವುದಿಲ್ಲ. "ಕರ್ತನೇ, ಬೇಗ ಬಾ" ಅಂತ ವಾಪಸ್ ಬರುತ್ತೇನೆ. ಹೀಗೆ ಮತ್ತೆ ಮತ್ತೆ ವಾಪಸ್ ಬರುವುದೇ ಕೂತ ಹೊತ್ತಿನ ಕೆಲಸ ಅಂತ ಸಿಸ್ಟರ್ ಹೇಳಿದ್ದು ಮೊದಲು ಸಮಾಧಾನಕ್ಕೆ ಅನ್ನಿಸಿತ್ತು. ಹಾಗಲ್ಲ, ಅದು ನಿಜ.

ಮೇಲಿನ ಗದ್ದಲ ಸ್ವಲ್ಪ ಇಳಿದ ಮೇಲೆ ಅವ್ವ ಬಂದಳು. ಅಂದರೆ ಅವಳ ಕೊನೆಯ ದಿನಗಳು. ಡಯಾಲಿಸಿಸ್‌ನ ಸೂಜಿ ಚುಚ್ಚುವಾಗ ನನ್ನ ಕೈ ಹಿಡಿದುಕೊಳ್ಳುತ್ತಿದ್ದದ್ದು, ನೀರು ಅಳೆದು ಕೊಡುವಾಗ "ಇನ್ನೊಂದು ಗುಟುಕು ಕೊಡವ್ವಾ" ಅಂದದ್ದು, ನಾನು ಕೊಡದೆ ಇದ್ದದ್ದು. ಕೊಡಬಾರದಿತ್ತು, ನರ್ಸ್ ಆಗಿ ನಾನು ಮಾಡಿದ್ದು ಸರಿಯೇ. ಆದರೂ ಕೂತಾಗೆಲ್ಲ ಆ ದನಿ. ಅದರ ಹಿಂದೆಯೇ ಸಿಟ್ಟು ಬಂತು, ದೇವರ ಮೇಲೆ. ಅಷ್ಟು ಜನ ಉಪವಾಸ ಮಾಡಿದರಲ್ಲ, ನೀನು ಎಲ್ಲಿದ್ದೆ ಅಂತ. ನನಗೆ ಭಯವಾಯಿತು. ಪ್ರಾರ್ಥನೆಗೆ ಕೂತು ದೇವರ ಮೇಲೆ ಹೀಗೆ ಕುದಿಯಬಹುದಾ?

ಸಿಸ್ಟರ್ 88ನೇ ಕೀರ್ತನೆ ಓದಲು ಹೇಳಿದರು. ಬೇರೆ ಗೋಳಿನ ಕೀರ್ತನೆಗಳು ಬಹುಪಾಲು ಕೊನೆಗೆ ಸ್ತುತಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಅದನ್ನೂ ಸತ್ಯವೇದದೊಳಗೇ ಇಟ್ಟಿದ್ದಾರೆ, ಆರಾಧನೆಯಲ್ಲಿ ಹಾಡಲು ಇಟ್ಟಿದ್ದಾರೆ. ಅದನ್ನು ಬೆಳಿಗ್ಗೆ ಜೋರಾಗಿ ಓದಿ, ಆಮೇಲೆ ಸುಮ್ಮನೆ ಕೂತಿರುತ್ತಿದ್ದೆ. ಎಷ್ಟು ದಿನ ಅಂತ ಲೆಕ್ಕ ಇಟ್ಟಿಲ್ಲ. ಉತ್ತರ ಬರಲಿಲ್ಲ. ಆದರೆ ಸಿಟ್ಟನ್ನು ಯಾರ ಮುಂದೆ ಇಡಬೇಕೋ ಅವನ ಮುಂದೆಯೇ ಇಟ್ಟಿದ್ದೇನೆ ಅನ್ನುವುದು ಗೊತ್ತಾಗುತ್ತಾ ಬಂತು, ಮತ್ತು ಅವನು ಎದ್ದು ಹೋಗಲಿಲ್ಲ. ಇದನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಈ ಹೊತ್ತಿಗೆ ನಾನು ಮೌನವಾಗಿ ಕೂಡುತ್ತೇನೆ ಅನ್ನುವುದು ಸಂಘದಲ್ಲಿ ಹಬ್ಬಿತ್ತು. "ಇದು ನಮ್ಮದಲ್ಲ", "ಮನಸ್ಸು ಖಾಲಿ ಮಾಡಿದರ ಅಲ್ಲಿ ಸೈತಾನ ಬಂದು ಕೂಡ್ತಾನ" ಅಂತ ಮಾತು ಬಂತು. ಹೇಳಿದವರು ನನ್ನ ಮೇಲಿನ ಪ್ರೀತಿಯಿಂದಲೇ ಹೇಳಿದ್ದು, ಹಾಗಾಗಿ ನಾನು ಅದನ್ನು ತಳ್ಳಿಹಾಕಲಿಲ್ಲ. ಓದಲು ಶುರು ಮಾಡಿದೆ. ನಮ್ಮ ವೆಸ್ಲಿಯೇ ಈ ವಿಷಯದಲ್ಲಿ ಜಗಳವಾಡಿದ್ದಾನೆ ಅಂತ ತಿಳಿದು ಆಶ್ಚರ್ಯವಾಯಿತು. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ಅವನ ಹೃದಯ ಬೆಚ್ಚಗಾದ ಕಥೆ ನಮಗೆ ಸಂಡೇ ಸ್ಕೂಲಿನಲ್ಲೇ ಗೊತ್ತು. ಆಗ ಅವನು ಫೆಟ್ಟರ್ ಲೇನ್ ಅನ್ನುವ ಕೂಟದಲ್ಲಿದ್ದ. ಅಲ್ಲಿಗೆ ಬಂದ ಮೋಲ್ಟರ್, ಮೊರೇವಿಯನ್ ಅನ್ನುವ ಪ್ರೊಟೆಸ್ಟೆಂಟ್ ಬಳಗದ ಬೋಧಕ, ಪೂರ್ಣ ನಂಬಿಕೆ ಬರುವ ತನಕ ಸುಮ್ಮನೆ ನಿಶ್ಚಲವಾಗಿರಿ, ಅಲ್ಲಿಯವರೆಗೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ ಬೇಡ, ಸತ್ಯವೇದ ಓದುವುದೂ ಬೇಡ, ಪ್ರಾರ್ಥನೆಯೂ ಬೇಡ ಅನ್ನುವ ಬೋಧನೆ ತಂದ. ವೆಸ್ಲಿ ಒಪ್ಪಲಿಲ್ಲ. ಅವೆಲ್ಲ ದೇವರು ಕೃಪೆ ಕೊಡುವ ದಾರಿಗಳು, ನಂಬಿಕೆ ಕಡಿಮೆ ಇರುವವನಿಗೇ ಅವು ಜಾಸ್ತಿ ಬೇಕು ಅಂದ. 1740ರ ಜುಲೈಯಲ್ಲಿ ಆ ಕೂಟ ಬಿಟ್ಟು ಹೊರಗೆ ಬಂದ.

ಹಾಗಂತ ವೆಸ್ಲಿ ಮೌನದ ಸಾಧಕರನ್ನೆಲ್ಲ ದೂರ ಇಡಲಿಲ್ಲ. 1749ರಿಂದ 1755ರ ತನಕ ತನ್ನ ಜನರಿಗಾಗಿ 50 ಸಂಪುಟಗಳ ಗ್ರಂಥಮಾಲೆ ತಂದ. ಪ್ಯಾರಿಸಿನ ಮಠದ ಅಡುಗೆಮನೆಯಲ್ಲಿ ಪಾತ್ರೆಗಳ ನಡುವೆ ದೇವರ ಸನ್ನಿಧಿಯನ್ನು ನೆನೆಯುತ್ತಿದ್ದ ಬ್ರದರ್ ಲಾರೆನ್ಸ್‌ನ ಪತ್ರಗಳು ಅದರಲ್ಲಿವೆ. ಮೌನದ ಪ್ರಾರ್ಥನೆ ಕಲಿಸಿದ, 1687ರಲ್ಲಿ ಪೋಪ್ ಖಂಡಿಸಿದ ಸ್ಪೇನಿನ ಪಾದ್ರಿ ಮೋಲಿನೋಸ್‌ನ ಬರಹದ ಆಯ್ದ ಭಾಗವೂ ಇದೆ. ಬೇಕಾದ್ದನ್ನು ತೆಗೆದುಕೊಂಡ, ಬೇಡದ್ದನ್ನು ಬಿಟ್ಟ. ನಮ್ಮ ದೇಶಕ್ಕೇ ಬಂದ ಮೆಥೊಡಿಸ್ಟ್ ಮಿಷನರಿ ಸ್ಟ್ಯಾನ್ಲಿ ಜೋನ್ಸ್ ನೈನಿತಾಲ್ ಹತ್ತಿರದ ಸಾತ್ ತಾಲ್‌ನಲ್ಲಿ 1930ರಲ್ಲಿ ಕ್ರೈಸ್ತ ಆಶ್ರಮ ಶುರು ಮಾಡಿದರು. ದಿನಾ ಬೆಳಿಗ್ಗೆ ದೇವರಿಗೆ ಕಿವಿಗೊಟ್ಟು ಸುಮ್ಮನೆ ಕೂಡುವ ಹೊತ್ತನ್ನು ಅವರು ಬಿಡುತ್ತಿರಲಿಲ್ಲ. ಕಥೋಲಿಕರಲ್ಲೂ ಎಚ್ಚರಿಕೆ ಇದೆ. ಕ್ರೈಸ್ತ ಧ್ಯಾನದ ಬಗ್ಗೆ 1989ರಲ್ಲಿ ವ್ಯಾಟಿಕನ್ ಹೊರಡಿಸಿದ ಪತ್ರ, ಬೇರೆ ಧರ್ಮಗಳ ರೀತಿಗಳಲ್ಲಿ ಉಪಯೋಗವಾಗುವುದನ್ನು ವಿವೇಚಿಸಿ ತೆಗೆದುಕೊಳ್ಳಬಹುದು ಅನ್ನುತ್ತದೆ. ಆದರೆ ದೇಹಕ್ಕೆ ಹಿತವೆನ್ನಿಸಿದ್ದನ್ನೆಲ್ಲ ಪವಿತ್ರಾತ್ಮನ ಕೆಲಸ ಅಂತ ತಿಳಿಯಬೇಡಿ ಅಂತಲೂ ಹೇಳುತ್ತದೆ.

ಇಷ್ಟು ಓದಿದ ಮೇಲೆ ನನ್ನ ಮಟ್ಟಿಗೆ ಗಟ್ಟಿ ಮಾಡಿಕೊಂಡೆ. ಸತ್ಯವೇದ ತೆರೆಯದೆ ಮೌನಕ್ಕೆ ಕೂಡುವುದಿಲ್ಲ. ಭಾನುವಾರದ ಆರಾಧನೆ, ಕರ್ತನ ಭೋಜನ ಬಿಡುವುದಿಲ್ಲ. ಒಳಗೆ ಏನು ನಡೆದರೂ ಒಬ್ಬರಿಗಾದರೂ ಹೇಳುತ್ತೇನೆ, ಬಚ್ಚಿಡುವುದಿಲ್ಲ. ಸೈತಾನನ ಮಾತೆತ್ತಿದ ಹಿರಿಯಮ್ಮನ ಮನೆಗೆ ಹೋಗಿ ಇದನ್ನೆಲ್ಲ ಹೇಳಿದೆ. ಮನಸ್ಸು ಖಾಲಿ ಮಾಡಲ್ಲ ಆಯಿ, ಕರ್ತನನ್ನ ಕರೀತಾ ಕೂಡ್ತೀನಿ ಅಂದೆ. ಅವರು ಸ್ವಲ್ಪ ಹೊತ್ತು ನೋಡಿ, "ನಮ್ಮ ಓಣ್ಯಾಗ ಶರಣಮ್ಮ ಒಬ್ಬಾಕಿ ಇದ್ದಳು, ಲಿಂಗ ಕೈಯಾಗ ಇಟ್ಕೊಂಡು ಮುಂಜಾನೆ ಕುಂತಳಂದ್ರ ಮನಿ ಮ್ಯಾಲ ಮನಿ ಬಿದ್ರೂ ಏಳ್ತಿದ್ದಿಲ್ಲ. ಸಣ್ಣಾಕಿ ಇದ್ದಾಗ ನಮಗ ಹಂಗ ಕೂಡಾಕ ಯಾಕ ಯಾರೂ ಕಲಿಸಿಲ್ಲ ಅಂತಿದ್ದೆ" ಅಂದರು. ಶರಣರು ನಡೆದಾಡಿದ ಬಸವಕಲ್ಯಾಣ ಇರುವ ಜಿಲ್ಲೆ ಇದು, ಅಂಗೈಯ ಇಷ್ಟಲಿಂಗ ನೋಡುತ್ತಾ ಕೂತ ನೆರೆಯವರನ್ನು ನೋಡುತ್ತಲೇ ನಾವು ಬೆಳೆದಿದ್ದೇವೆ. ಅವರ ದಾರಿ ಅವರದು, ನನ್ನ ದಾರಿ ಯೇಸುವಿನದು. ಕಲಸುವುದು ನನಗೆ ಇಷ್ಟವಿಲ್ಲ. ಆದರೆ ಸುಮ್ಮನೆ ಕೂತು ದೇವರನ್ನು ಕಾಯುವ ಮನುಷ್ಯರ ನಡುವೆ ಇದ್ದೆ ಅನ್ನುವುದಕ್ಕೆ ಕೃತಜ್ಞಳಾಗಿದ್ದೇನೆ.

ಮುಂದಿನ ಲೆಂಟ್‌ನಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ರಜೆ ಹಾಕಿ ಕಲಬುರಗಿಯಲ್ಲಿ ಮೌನದ ಧ್ಯಾನಕೂಟಕ್ಕೆ ಹೋದೆ. ಜೆಸ್ವಿಟ್ ಸಂನ್ಯಾಸಿ ಬಳಗ ಕಟ್ಟಿದ ಲೊಯೋಲದ ಇಗ್ನಾಸಿಯವರು 16ನೇ ಶತಮಾನದಲ್ಲಿ ರೂಪಿಸಿದ ರೀತಿ ಅದು. ಪೂರ್ತಿಯಾಗಿ ಮಾಡಿದರೆ 30 ದಿನ, ಜನ ಸಾಮಾನ್ಯವಾಗಿ ಮಾಡುವುದು 8 ದಿನ, ನಮ್ಮಂಥ ನೌಕರಿಯವರಿಗೆ ಇನ್ನೂ ಚಿಕ್ಕದೂ ಇರುತ್ತದೆ. ಮೊಬೈಲ್ ಕೊಟ್ಟುಬಿಡಬೇಕು. ದಿನಕ್ಕೆ ನಾಲ್ಕು ಸಲ ಒಂದೊಂದು ಗಂಟೆ ಕೂಡಬೇಕು. ಮಾತು ಅಂದರೆ ಸಂಜೆ ಸಿಸ್ಟರ್ ಜೊತೆ ಅರ್ಧ ಗಂಟೆ ಮಾತ್ರ. ಊಟವೂ ಮೌನದಲ್ಲಿ. ಖಡಕ್ ರೊಟ್ಟಿ ಮುರಿಯುವ ಸದ್ದು ಅಷ್ಟು ಜೋರು ಇರುತ್ತದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಎಲ್ಲರೂ ಮೊದಲು ಮೆಲ್ಲಗೆ ಮುರಿಯುತ್ತಿದ್ದೆವು, ಆಮೇಲೆ ಬಿಟ್ಟುಬಿಟ್ಟೆವು. ಮೊದಲ ದಿನ ಬರೀ ನಿದ್ದೆ ಬಂತು. ದಣಿದ ದೇಹಕ್ಕೆ ನಿದ್ದೆ ಬೇಕು, ಮಲಗಿ ಅಂದರು ಸಿಸ್ಟರ್. ಎರಡನೇ ದಿನ ಮನೆಗೆ ಓಡಿಹೋಗಬೇಕು ಅನ್ನಿಸಿತು.

ಆಮೇಲೆ ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ಕೊಟ್ಟರು, ಲಾಜರನ ಸಾವು. ಇಗ್ನಾಸಿಯವರ ರೀತಿಯಲ್ಲಿ ಆ ಘಟನೆಯೊಳಗೆ ನಾವೇ ಹೋಗಿ ನಿಲ್ಲಬೇಕು. ಯಾರು ಎಲ್ಲಿದ್ದಾರೆ ನೋಡಬೇಕು, ಏನು ಮಾತಾಡುತ್ತಾರೆ ಕೇಳಬೇಕು. ನಾನು ಮಾರ್ಥಳ ಪಕ್ಕ ನಿಂತೆ. ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅಂತ ಅವಳು ಯೇಸುವಿಗೆ ಹೇಳುತ್ತಾಳೆ. ಸ್ವಲ್ಪ ಹೊತ್ತಿಗೆ ಮರಿಯಳೂ ಬಂದು ಅದನ್ನೇ ಹೇಳುತ್ತಾಳೆ. ನಾನು ತಿಂಗಳುಗಟ್ಟಲೆ ಕೇಳಿದ್ದೂ ಅದನ್ನೇ ಅಲ್ವಾ? ಯೇಸು ಅವರಿಬ್ಬರನ್ನೂ ಗದರಿಸುವುದಿಲ್ಲ. 35ನೇ ವಚನದಲ್ಲಿ ಅವನು ಅಳುತ್ತಾನೆ. ಲಾಜರನನ್ನು ಎಬ್ಬಿಸಲಿದ್ದೇನೆ ಅಂತ ಅವನಿಗೆ ಗೊತ್ತು, ಆದರೂ ಅಳುತ್ತಾನೆ. ಆ ಒಂದು ಗಂಟೆ ನಾನು ಮುಂದಿನ ವಚನಕ್ಕೆ ಹೋಗಲೇ ಇಲ್ಲ. ನನ್ನ ಅವ್ವನಿಗಾಗಿ ಅವನೂ ಅತ್ತಿದ್ದಾನೆ ಅಂತ ಅವತ್ತು ನಂಬಿದೆ, ಇವತ್ತೂ ನಂಬುತ್ತೇನೆ. ಸಂಜೆ ಸಿಸ್ಟರ್ ಕೇಳಿದಾಗ ಇಷ್ಟನ್ನೇ ಹೇಳಿದೆ. ಅವರು ಏನೂ ವಿವರಿಸಲಿಲ್ಲ, ನಾಳೆಯೂ ಅಲ್ಲೇ ಇರಿ ಅಂದರು.

ಅದಾದ ಮೇಲೆ ಎಲ್ಲ ಹಗುರಾಯಿತು ಅಂತಿಲ್ಲ. ಮನೆಗೆ ಬಂದ ಮೇಲೆ ಬಹಳ ಕಾಲ ಒಣ ಒಣ. ಓದಿದ್ದು ನಾಟುತ್ತಿರಲಿಲ್ಲ, ಮೌನದಲ್ಲಿ ರುಚಿಯೇ ಇರಲಿಲ್ಲ. ತೆರೇಸಳ ಜೊತೆ ಕೆಲಸ ಮಾಡಿದ ಶಿಲುಬೆಯ ಯೋಹಾನರು ಇದನ್ನೇ ಇರುಳು ಅಂತ ಕರೆದರು. ಅವರದೇ ಸಂನ್ಯಾಸಿ ಬಳಗದವರು 1577ರ ಕೊನೆಯಲ್ಲಿ ಅವರನ್ನು ಹಿಡಿದು ತೊಲೇದೊ ಊರಿನ ಇಕ್ಕಟ್ಟಾದ ಕೋಣೆಯಲ್ಲಿ ಸುಮಾರು ಒಂಬತ್ತು ತಿಂಗಳು ಕೂಡಿಹಾಕಿದ್ದರು. ಕತ್ತಲು ಏನು ಅಂತ ಅವರಿಗೆ ಗೊತ್ತಿತ್ತು. ದೇವರ ವಿಷಯದಲ್ಲೂ ರುಚಿಯಿಲ್ಲ, ಲೋಕದ ವಿಷಯದಲ್ಲೂ ರುಚಿಯಿಲ್ಲ, ಮೊದಲಿನ ಹಾಗೆ ಧ್ಯಾನಿಸಲು ಆಗುವುದಿಲ್ಲ, ಆದರೂ ದೇವರಿಗೆ ದೂರವಾದೆನಾ ಅಂತ ಮನಸ್ಸು ಚಡಪಡಿಸುತ್ತದೆ. ಇಂಥ ಗುರುತುಗಳಿದ್ದರೆ ಅದು ದೇವರು ಒಳಗೆ ಕೆಲಸ ಮಾಡುವ ಹೊತ್ತು, ಹೆದರದೆ ಪ್ರೀತಿಯಿಂದ ಸುಮ್ಮನಿರಿ ಅನ್ನುತ್ತಾರೆ ಅವರು.

ನರ್ಸ್ ಆಗಿ ಇಲ್ಲಿ ಒಂದು ಮಾತು ಸೇರಿಸಲೇಬೇಕು. ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಎದ್ದು ಸ್ನಾನ ಮಾಡುವುದೂ ಭಾರ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಅದನ್ನು ಇರುಳು ಅಂತ ಕರೆದು ಮೂಲೆಯಲ್ಲಿ ಕೂಡಬೇಡಿ. ಡಾಕ್ಟರ ಹತ್ತಿರ ಹೋಗಿ. ಡಿಪ್ರೆಶನ್ ಕಾಯಿಲೆ, ಅದಕ್ಕೆ ಔಷಧಿ ಇದೆ, ಅದನ್ನು ತೆಗೆದುಕೊಂಡರೆ ವಿಶ್ವಾಸ ಕಡಿಮೆ ಅಂತಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ವಿಭಾಗ ಇರುತ್ತದೆ. ನಾನೂ ಹೋಗಿ ತೋರಿಸಿಕೊಂಡೆ. ಅಂಥದ್ದೇನೂ ಇಲ್ಲ ಅಂದ ಮೇಲೆಯೇ ನಿಶ್ಚಿಂತೆಯಿಂದ ಕುರ್ಚಿಗೆ ವಾಪಸ್ ಬಂದೆ.

ಬದಲಾವಣೆ ಗೊತ್ತಾಗಿದ್ದು ಕೆಲಸದಲ್ಲಿ. ಮೊದಲು ಸಾಯುವ ಹಂತದ ಪೇಷಂಟ್ ಇದ್ದರೆ ಅವರ ಮನೆಯವರಿಗೆ ನಾನು ಜಾಸ್ತಿ ಮಾತಾಡುತ್ತಿದ್ದೆ. ಈಗ ಹತ್ತಿರ ನಿಲ್ಲಲು ಆಗುತ್ತದೆ. ಚೊಂಬಿನಲ್ಲಿ ನೀರು ತಂದಿಟ್ಟು, ಕುರ್ಚಿ ಎಳೆದುಕೊಟ್ಟು, ಜೊತೆಗಿರಲು ಆಗುತ್ತದೆ. ಒಬ್ಬ ಅಜ್ಜನ ಮಗಳು, ಮುಸ್ಲಿಂ ಹೆಣ್ಣುಮಗಳು, ರಾತ್ರಿಯೆಲ್ಲ ನನ್ನ ಕೈ ಹಿಡಿದು ಕೂತಿದ್ದಳು, ಬೆಳಗಾದಾಗ "ಶುಕ್ರಿಯಾ ಬಾಜಿ" ಅಂದಳು. ನಾನು ಒಂದು ಮಾತೂ ಆಡಿರಲಿಲ್ಲ.

ಮಾತೂ ವಾಪಸ್ ಬಂತು. ನನ್ನ ನಾದಿನಿ, ಅವತ್ತು ನನ್ನ ಪ್ರಾರ್ಥನೆ ಮುಂದುವರಿಸಿದವಳು, ಅವಳಿಗೆ ಹೋದ ವರ್ಷ ಎದೆಯಲ್ಲಿ ಗಂಟು ಕಂಡಿತು. ಹೈದರಾಬಾದಿನಲ್ಲಿ ಕೀಮೋ ನಡೆದಿದೆ. ಶುಕ್ರವಾರ ಅವಳ ಮನೆಯಲ್ಲಿ ಪ್ರಾರ್ಥನೆ ಇಟ್ಟಾಗ "ವೈನಿ, ನೀವು ಮಾಡ್ರಿ" ಅಂದಳು. ಮಾಡಿದೆ. ಗುಣವಾಗಲಿ ಅಂತ ಮತ್ತೆ ಬೇಡಿದೆ, ಜೋರಾಗಿಯೇ, ಎಲ್ಲರೂ ಸ್ತೋತ್ರ ಅಂದರು, ಢೋಲಕ್ ಬಡಿದರು. ಅವ್ವನ ವಿಷಯದಲ್ಲಿ ಏನಾಯಿತು ಅಂತ ಗೊತ್ತಿದ್ದೂ ಬೇಡುವ ಧೈರ್ಯ ಎಲ್ಲಿಂದ ಬಂತು ಅಂತ ಕೇಳಿದರೆ, ಆ ಕುರ್ಚಿಯ ಮೇಲೆ ಕೂತ ಬೆಳಗುಗಳಿಂದ ಅಂತಲೇ ಹೇಳುತ್ತೇನೆ. ಹಾಡು ಮುಗಿದ ಮೇಲೆ ನಾದಿನಿಯೇ "ಈಗ ಸ್ವಲ್ಪ ಹೊತ್ತು ಸುಮ್ಕ ಕೂಡೋಣ್ರಿ" ಅಂತ ಹೇಳಿದಳು. ಅವತ್ತಿನಿಂದ ಶುಕ್ರವಾರದ ಪ್ರಾರ್ಥನೆಯಲ್ಲಿ ಹಾಡಿನ ನಂತರ ಐದು ನಿಮಿಷ ಅದೂ ಸೇರಿಕೊಂಡಿದೆ. ಸೈತಾನ ಬರುತ್ತಾನೆ ಅಂದಿದ್ದ ಆಯಿ ಮುಂದಿನ ಸಾಲಿನಲ್ಲೇ ಕೂಡುತ್ತಾರೆ. ಬರುವ ವಾರ ನಾದಿನಿಗೆ ಮತ್ತೆ ಕೀಮೋ ಇದೆ, ನಾನು ಡ್ಯೂಟಿ ಬದಲಾಯಿಸಿಕೊಂಡು ಜೊತೆಗೆ ಹೋಗುತ್ತಿದ್ದೇನೆ.